ಕಾರೆ ಗಿಡದ ಮೂಲೆ

ನನ್ನ ಮಗನನ್ನು ಮಣ್ಣು ಮಾಡಿದ್ದನ್ನು ನಾನು ನೋಡಲಿಲ್ಲ. ನಮ್ಮಲ್ಲಿ ಹೆಂಗಸರು ಮಣ್ಣಿಗೆ ಹೋಗುವ ಪದ್ಧತಿ ಇಲ್ಲ, ಹಸಿ ಬಾಣಂತಿಯಂತೂ ಹೊಸ್ತಿಲು ದಾಟುವ ಹಾಗೇ ಇಲ್ಲ. ಹೆಸರಿಡುವ ಮೊದಲೇ ಹೋದ ಕೂಸನ್ನು ಊರ ಸ್ಮಶಾನಕ್ಕೆ ಒಯ್ಯುವುದಿಲ್ಲ. ಮನೆಯ ಗಂಡಸರು ಇಬ್ಬರು ಎತ್ತಿಕೊಂಡು ಹೋಗಿ ಸ್ವಂತ ಹೊಲದ ಬದುವಿನಲ್ಲಿ ಹೂತು, ನಾಯಿ ನರಿ ಕೆದಕದ ಹಾಗೆ ಮೇಲೆ ಮುಳ್ಳು ಹಾಕಿ ಕಲ್ಲು ಹೇರಿ, ತಿರುಗಿ ನೋಡದೆ ಬಂದುಬಿಡುತ್ತಾರೆ. ನಮ್ಮ ಯಜಮಾನರೂ ಅವರ ಅಣ್ಣನೂ ಹಾಗೇ ಹೋಗಿ ಬಂದರು. ನಾನು ಕೋಣೆಯಲ್ಲಿ, ಹಾಲು ಕಟ್ಟಿ ಕಲ್ಲಾದ ಎದೆ ಹಿಡಿದುಕೊಂಡು ಬಿದ್ದಿದ್ದೆ. ಎಲ್ಲಿ ಹೂತಿರಿ ಎಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ಬಾಣಂತಿ ಅದನ್ನೆಲ್ಲ ಕೇಳಬಾರದಂತೆ. ಯಾವ ಮಹಾನುಭಾವ ಮಾಡಿದ ಶಾಸ್ತ್ರವೋ ಏನೋ, ಹೆತ್ತವಳು ಕೇಳಬಾರದು, ಹೂತವರು ಹೇಳಬಾರದು.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಹೊಲ ಇದ್ದದ್ದು ಪೀಣ್ಯದ ಮಗ್ಗುಲಲ್ಲಿ. ಕೈಗಾರಿಕೆಗೆ ಬೇಕು ಎಂದು ಸರ್ಕಾರದವರು ನಾನು ಮದುವೆಯಾಗಿ ಬರುವ ಮೊದಲೇ ಅದನ್ನು ಬರೆಸಿಕೊಂಡಿದ್ದರು. ಯಾರೂ ಬಂದು ಬೇಲಿ ಹಾಕಿರಲಿಲ್ಲ, ಹಾಗಾಗಿ ನಮ್ಮವರು ರಾಗಿ ಬಿತ್ತುತ್ತಲೇ ಇದ್ದರು. ಮಗು ಹೋದ ಮೇಲೆ ನಮ್ಮಮ್ಮ ಬಂದು ನನ್ನನ್ನು ಚಿಕ್ಕಬಾಣಾವರದ ತವರಿಗೆ ಕರೆದುಕೊಂಡು ಹೋದಳು. ಮೈ ಸರಿಹೋಗಿ ತಿರುಗಿ ಬರುವುದಕ್ಕೆ ಹಲವು ತಿಂಗಳೇ ಹಿಡಿದವು. ಬಂದು ನೋಡಿದರೆ ಹೊಲವೇ ಇಲ್ಲ. ಬುಲ್ಡೋಜರ್ ಬಿಟ್ಟು ಮಟ್ಟ ಮಾಡಿ, ಸುತ್ತ ಮುಳ್ಳುತಂತಿ ಎಳೆದು, ಒಳಗೆ ಶೆಡ್ಡಿಗೆ ಪಾಯ ತೋಡುತ್ತಿದ್ದರು. ಅವತ್ತು ಶಾಸ್ತ್ರಗೀಸ್ತ್ರ ಎಲ್ಲ ಒಲೆಗೆ ಹಾಕಿ ಯಜಮಾನರ ಕೈ ಹಿಡಿದು ಕೇಳಿದೆ, ನಮ್ಮ ಮಗು ಇರುವ ಜಾಗ ಏನಾಯಿತು ಹೇಳಿ ಎಂದು. ಅವರು ಬಯಲಿನ ಮೇಲೆಲ್ಲ ಒಮ್ಮೆ ಕಣ್ಣಾಡಿಸಿದರು. ಆಮೇಲೆ ತಂತಿಯ ಆಚೆ ಕೈ ತೋರಿಸಿದರು.

“ಅಗೋ, ಆ ಮೂಲೇಲಿ ಕಾರೆ ಗಿಡ ಐತಲ್ಲ, ಅದ್ರ ಬುಡ್ದಾಗೆ. ಅದ್ನ ಮುಟ್ಟಿಲ್ಲ ಕಣೇ.”

ಎಲ್ಲವನ್ನೂ ಬಳಿದು ಹಾಕಿದ್ದ ಆ ಬಯಲಿನ ಒಂದು ಮೂಲೆಯಲ್ಲಿ, ಬಂಡೆ ಇದ್ದ ಕಾರಣಕ್ಕೋ ಏನೋ, ಒಂದು ತುಂಡು ಜಾಗ ಹಾಗೇ ಉಳಿದಿತ್ತು. ಅದರ ಮೇಲೆ ಮುಳ್ಳು ಮುಳ್ಳಾದ ಒಂದೇ ಒಂದು ಕಾರೆ ಗಿಡ. ನಾನು ತಂತಿ ಹಿಡಿದುಕೊಂಡು ಅತ್ತೆ. ಅಳುತ್ತಲೇ ಸಮಾಧಾನವೂ ಆಯಿತು. ಅಷ್ಟೆಲ್ಲ ಹೋದರೂ ನನ್ನ ಮಗ ಮಲಗಿದ್ದ ಜಾಗ ಉಳಿದಿತ್ತು.

ಫ್ಯಾಕ್ಟರಿ ಎದ್ದಿತು. ತಗಡು ಒತ್ತಿ ಏನೇನೋ ಬಿಡಿಭಾಗ ಮಾಡುವ ಕೆಲಸ. ಜಮೀನು ಕಳೆದುಕೊಂಡವರು ಎಂದು ಯಜಮಾನರಿಗೆ ಗೇಟಿನಲ್ಲಿ ವಾಚ್‌ಮನ್ ಕೆಲಸ ಕೊಟ್ಟರು. ನಾನು ದಿನಾ ಮಧ್ಯಾಹ್ನ ಅವರಿಗೆ ಊಟ ತೆಗೆದುಕೊಂಡು ಹೋಗುವ ನೆಪದಲ್ಲಿ ಆ ಮೂಲೆಯನ್ನು ನೋಡಿಕೊಂಡು ಬರುತ್ತಿದ್ದೆ. ಗೋರಿಯ ವಿಷಯ ಯಾರ ಮುಂದೆಯೂ ಎತ್ತಬೇಡ ಎಂದು ಅವರು ಕಟ್ಟುನಿಟ್ಟಾಗಿ ಹೇಳಿದ್ದರು. ಗೊತ್ತಾದರೆ ಶಾಂತಿ ಗೀಂತಿ ಮಾಡಿಸಿ, ಅಗೆದು, ಎಲ್ಲಾದರೂ ಬಿಸಾಕುತ್ತಾರೆ ಎಂದರು. ಅದು ನಿಜವೇ ಅನ್ನಿಸಿತು. ನನ್ನಂಥ ಬಾಯಿಬಡುಕಿ ವರ್ಷಗಟ್ಟಲೆ ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ ಎಂದರೆ ನಮ್ಮಮ್ಮ ಕೂಡ ನಂಬುತ್ತಿರಲಿಲ್ಲ.

ಆಮೇಲೆ ಮ್ಯಾನೇಜರ್‌ಗೆ ತೋಟದ ಹುಚ್ಚು ಹಿಡಿಯಿತು. ಒಳ್ಳೆಯ ಮನುಷ್ಯ, ಬಸವನಗುಡಿ ಕಡೆಯವರು, ಮಾತು ಮೆತ್ತಗೆ. ಆಫೀಸಿನ ಮುಂದೆ ಲಾನು, ಗುಲಾಬಿ, ಕ್ರೋಟನ್ ಹಾಕಿಸಿದರು. ಸುತ್ತ ಇಟ್ಟಿಗೆಗಳನ್ನು ಓರೆಯಾಗಿ ನೆಟ್ಟು, ಒಂದಕ್ಕೆ ಸುಣ್ಣ ಒಂದಕ್ಕೆ ಕೆಮ್ಮಣ್ಣು ಬಳಿಸಿದರು. ಬೇಸಿಗೆ ಬಂತು, ಬೋರ್‌ವೆಲ್ ಕೈ ಕೊಟ್ಟಿತು. ಯಂತ್ರಕ್ಕೇ ನೀರಿಲ್ಲ, ಇನ್ನು ಗುಲಾಬಿಗೆಲ್ಲಿ? ಲಾನು ಒಣಗಿ ಕಿತ್ತುಹೋದ ಚಾಪೆಯ ಹಾಗಾಯಿತು. ಓರೆ ಇಟ್ಟಿಗೆಗಳು ಮಾತ್ರ ಶಿಸ್ತಾಗಿ ನಿಂತಿದ್ದವು. ಮಳೆಗಾಲಕ್ಕೆ ಸರಿಯಾಗಿ ಮತ್ತೆ ಶುರು ಮಾಡೋಣ, ಈ ಸಲ ಆ ಮೂಲೆಯ ಮುಳ್ಳುಕಂಟಿಯನ್ನೂ ಕಡಿಸಿ, ಬಂಡೆ ಒಡೆಸಿ, ತೋಟ ದೊಡ್ಡದು ಮಾಡೋಣ ಎಂದು ಅವರು ಮಾಲಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೇ ಬಿತ್ತು. ನಾನು ಊಟದ ಕ್ಯಾರಿಯರ್ ಅಲ್ಲೇ ಗೇಟಿನ ಹತ್ತಿರ ಕುಕ್ಕಿ ನೇರ ಅವರ ಮುಂದೆ ಹೋಗಿ ನಿಂತೆ.

ಏನು ಮಾತಾಡಿದೆನೋ, ಅರ್ಧ ನೆನಪಿಲ್ಲ. ನೀರೇ ಕೇಳದ ಗಿಡಗಳಿಂದ ತೋಟ ಮಾಡಿಕೊಡುತ್ತೇನೆ, ಆ ಮೂಲೆಯನ್ನು ನನಗೆ ಬಿಡಿ, ಆ ಗಿಡ ಕಡಿಯಬೇಡಿ, ಒಂದು ವರ್ಷ ನೋಡಿ ಎಂದೆ. ಎಸ್ಸೆಸ್ಸೆಲ್ಸಿ ಪಾಸಾದವಳು ಎಂಬುದನ್ನೂ ಸೇರಿಸಿದೆ, ಅದಕ್ಕೂ ತೋಟಕ್ಕೂ ಏನು ಸಂಬಂಧವೋ. ಲಾನು ಒಣಗಿದ ಬೇಜಾರಿನಲ್ಲಿದ್ದ ಮನುಷ್ಯ ಹೂಂ ಎಂದುಬಿಟ್ಟರು. ಹಾಗೆ ನಾನು ನಮ್ಮದೇ ಹೊಲದಲ್ಲಿ ಕೂಲಿಗೆ ಸೇರಿದೆ.

ನನಗೆ ಬೇಕಾಗಿದ್ದದ್ದು ತೋಟವಲ್ಲ. ಆ ಮಣ್ಣಿಗೆ ಯಾರೂ ಗುದ್ದಲಿ ಹಾಕಬಾರದು, ಅಷ್ಟೇ. ಹಾಗಾಗಬೇಕಾದರೆ ಅದು ಯಾರೋ ಮಾಡಿದ್ದು ಎಂದು ಕಾಣಬಾರದು. ಭೂಮಿ ಹುಟ್ಟಿದಾಗಿನಿಂದ ಹೀಗೇ ಇದೆ ಎನ್ನಿಸಬೇಕು, ಚೆಂದವೂ ಕಾಣಬೇಕು. ಚೆಂದ ಕಂಡರೆ ಬಿಡುತ್ತಾರೆ, ಕಂಟಿ ಕಂಡರೆ ಕಡಿಯುತ್ತಾರೆ. ನೀರಂತೂ ಕೇಳಲೇಬಾರದು. ಫ್ಯಾಕ್ಟರಿಯಲ್ಲಿ ನೀರು ಕೇಳಿದವರಿಗೆ ಉಳಿಗಾಲವಿಲ್ಲ ಎಂದು ಲಾನನ್ನು ನೋಡಿಯೇ ಕಲಿತಿದ್ದೆ.

ಚಿಕ್ಕಬಾಣಾವರದ ಆಚೆ ಆಗ ಇನ್ನೂ ಗೋಮಾಳ ಉಳಿದಿತ್ತು. ರಜೆಯ ದಿನ ಅಲ್ಲಿಗೆ ಹೋಗಿ ಬಂಡೆಯ ಮೇಲೆ ಕೂತು ಸುಮ್ಮನೆ ನೋಡುತ್ತಿದ್ದೆ. ಚಿಕ್ಕಂದಿನಿಂದ ತುಳಿದಾಡಿದ ಜಾಗವೇ, ಆದರೆ ಯಾವ ಗಿಡ ಯಾರ ಪಕ್ಕ ನಿಲ್ಲುತ್ತದೆ ಎಂದು ಒಂದು ದಿನವೂ ನೋಡಿರಲಿಲ್ಲ. ತಂಗಡಿ ಬಯಲಲ್ಲಿ ಬಿಸಿಲಿಗೆ ಮುಖ ಕೊಟ್ಟು ನಿಲ್ಲುತ್ತದೆ. ಬಂದರಿಕೆ ಬಂಡೆಯ ಸಂದಿಯಲ್ಲೂ ಬದುಕುತ್ತದೆ. ಪೊರಕೆ ಮಾಡುವ ಹಂಚಿಕಡ್ಡಿ ಹುಲ್ಲು ಬಂಡೆಯಿಂದ ಮಳೆನೀರು ಇಳಿಯುವ ಕಡೆ ಗುಂಪು ಕಟ್ಟುತ್ತದೆ. ತುಂಬೆ, ವಿಷ್ಣುಕ್ರಾಂತಿ ಇವೆಲ್ಲ ದೊಡ್ಡವುಗಳ ಕಾಲಬುಡದಲ್ಲಿ. ಕಾರೆಯ ಮುಳ್ಳಿನೊಳಗೆ ಮಾತ್ರ ಎಳೆಯ ಸಸಿಗಳು ಮೇಕೆಗೆ ಸಿಗದೆ ಉಳಿಯುತ್ತವೆ. ಅದನ್ನು ನೋಡಿದ ದಿನ ನನಗೆ ದುಃಖ ಉಕ್ಕಿ ಬಂತು. ನನ್ನ ಕೂಸನ್ನೂ ಕಾರೆಯೇ ಕಾಯುತ್ತಿದೆ ಎಂದುಕೊಂಡೆ.

ಮೊದಲ ವರ್ಷ ಮಾಡಿದ್ದು ಪೂರ್ತಿ ಎಡವಟ್ಟು. ಬೀಜ ತಂದೆ, ಸಸಿ ತಂದೆ, ರೋಹಿಣಿ ಮಳೆಗೆ ಮುಂಚೆ ನೆಟ್ಟೆ. ಮೊಳಕೆ ಬಂದ ಮೇಲೆ ನೋಡಿದರೆ ಎಲ್ಲಾ ಸಾಲು ಸಾಲು! ಒಕ್ಕಲುತನದ ಕೈ, ಬೀಜ ಹಿಡಿದರೆ ಸಾಲು ಬಿಟ್ಟು ಬೇರೆ ಗೊತ್ತೇ ಇಲ್ಲ. ತಂಗಡಿ ರಾಗಿ ಪೈರಿನ ಹಾಗೆ ನಿಂತಿತ್ತು, ನಡುನಡುವೆ ಅಕ್ಕಡಿ ಸಾಲಿನ ಹಾಗೆ ತುಂಬೆ. ಮ್ಯಾನೇಜರ್ ನೋಡಿ ನಕ್ಕರು, ಕುಯ್ಲು ಯಾವಾಗ ಎಂದು ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಮಾರನೆಯ ವರ್ಷ ಒಂದು ಉಪಾಯ ಹೂಡಿದೆ. ಮಡಿಲಲ್ಲಿ ಬೆಣಚುಕಲ್ಲು ತುಂಬಿಕೊಂಡು, ಕಣ್ಣು ಮುಚ್ಚಿ ತೂರಿ, ಬಿದ್ದ ಕಡೆಯೆಲ್ಲ ಒಂದೊಂದು ಗುಳಿ ಮಾಡಿದೆ. ಎರಡು ಕಲ್ಲು ಒತ್ತಾಗಿ ಬಿದ್ದರೆ ಗಿಡವೂ ಒತ್ತಾಗಿಯೇ, ಎಲ್ಲೂ ಬೀಳದ ಕಡೆ ಬರಿ ನೆಲ. ಬರಿ ನೆಲವೂ ಬೇಕು, ಅದಿಲ್ಲದಿದ್ದರೆ ತೋಟ ಎಂದು ಗೊತ್ತಾಗಿಬಿಡುತ್ತದೆ. ಗೋಮಾಳದಿಂದ ದೊಡ್ಡ ಕಲ್ಲುಗಳನ್ನು ತಂದಿಟ್ಟಾಗ ಅರ್ಧ ಮಣ್ಣಿನೊಳಗೆ ಹೂತು, ಬಣ್ಣ ಮಾಸಿದ ಮಗ್ಗುಲು ಮೇಲಕ್ಕೆ ಬರುವಂತೆ ತಿರುಗಿಸಿದೆ. ಇಳಿಜಾರಿಗೆ ಅಡ್ಡವಾಗಿ ಅಲ್ಲಲ್ಲಿ ಅಂಗೈಯಷ್ಟು ಆಳದ ತಗ್ಗು ತೆಗೆದು ಮಳೆನೀರು ನಿಂತು ಇಂಗುವ ಹಾಗೆ ಮಾಡಿದೆ. ಕಾರೆಯ ಬುಡಕ್ಕೆ ಮಾತ್ರ ಗುದ್ದಲಿ ತಾಗಿಸಲಿಲ್ಲ. ಅಲ್ಲಿ ಬೆರಳಿನಿಂದ ಮಣ್ಣು ಸರಿಸಿ ವಿಷ್ಣುಕ್ರಾಂತಿ ಊರಿದೆ.

ಆ ವಿಷ್ಣುಕ್ರಾಂತಿಯನ್ನು ಎರಡು ಸಲ ನಾನೇ ಕೊಂದೆ. ಬೇಸಿಗೆಯಲ್ಲಿ ಕರುಳು ತಡೆಯದೆ ಮನೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ಹೊಯ್ದೆ. ಮಗುವಿಗೆ ಬಾಯಾರುತ್ತದೆ ಎಂಬ ಹುಚ್ಚು. ಬೇರು ಕೊಳೆತುಹೋಯಿತು. ಬಿಸಿಲಲ್ಲಿ ಒಣಗಿ ಸತ್ತ ಹಾಗೆ ಕಾಣುವ ಗಿಡವನ್ನು ಮುಟ್ಟದೆ ಬಿಡುವುದಿದೆಯಲ್ಲ, ಆ ತೋಟದ ಕೆಲಸದಲ್ಲಿ ನನಗೆ ಬಹಳ ಕಷ್ಟವಾಗಿದ್ದು ಅದೊಂದೇ. ಮೂರನೆಯ ಸಲ ಹಲ್ಲು ಕಚ್ಚಿಕೊಂಡು ಬಿಟ್ಟೆ. ಮಳೆ ಬಿದ್ದ ವಾರದೊಳಗೆ ಕಾರೆಯ ಬುಡದ ತುಂಬ ನೀಲಿ ಹೂವು.

ಆಮೇಲಿನ ವರ್ಷಗಳಲ್ಲಿ ಆ ಮೂಲೆ ನಿಜಕ್ಕೂ ಚೆಂದವಾಯಿತು. ತಂಗಡಿ ಹೂ ಬಿಟ್ಟಾಗ ಗೇಟಿನಿಂದಲೇ ಹಳದಿ ಕಾಣುತ್ತಿತ್ತು. ಹುಲ್ಲು ಚಳಿಗಾಲಕ್ಕೆ ಗೋಧಿ ಬಣ್ಣಕ್ಕೆ ತಿರುಗುತ್ತಿತ್ತು. ಚಿಟ್ಟೆ, ಗೌಜಲಹಕ್ಕಿ, ಒಂದು ಕೇರೆ ಹಾವು ಕೂಡ ಬಂದವು. ಮ್ಯಾನೇಜರ್ ಬಂದ ಬಂದವರಿಗೆಲ್ಲ ತೋರಿಸಿ, ಇದಕ್ಕೆ ನಾವು ತೊಟ್ಟು ನೀರೂ ಹಾಕುವುದಿಲ್ಲ ಎಂದು ಬೀಗುತ್ತಿದ್ದರು. ಇದು ಯಾರೋ ಮಾಡಿದ್ದಲ್ಲ, ಇದ್ದದ್ದನ್ನು ಉಳಿಸಿಕೊಂಡಿದ್ದು ಎಂದೇ ಅವರಲ್ಲಿ ಬಹಳ ಜನ ತಿಳಿದರು. ನನಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಾಗಿರಲಿಲ್ಲ.

ಅಷ್ಟರಲ್ಲಿ ನನಗೆ ಇಬ್ಬರು ಹೆಣ್ಣುಮಕ್ಕಳಾಗಿದ್ದರು. ಅವರಿಗೆ ತಲೆ ಬಾಚಿ ಸ್ಕೂಲಿಗೆ ಅಟ್ಟಿ, ಕುಡುಗೋಲು ಹಿಡಿದು ಬಂದು ಇವನ ಹತ್ತಿರ ಕೂರುತ್ತಿದ್ದೆ. ಕಳೆ ಕೀಳುತ್ತ ಅವನ ಜೊತೆ ಮಾತಾಡುತ್ತಿದ್ದೆ. ಇವತ್ತು ನಿನ್ನ ತಂಗಿಗೆ ಜ್ವರ ಕಣೋ, ನಿಮ್ಮಪ್ಪ ನಿನ್ನೆ ಸಾರಿಗೆ ಉಪ್ಪಿಲ್ಲ ಅಂತ ಮುಖ ಊದಿಸಿಕೊಂಡ, ಇಂಥವೇ. ಅವನಿಗೆ ವಯಸ್ಸಾಗುತ್ತಲೂ ಇತ್ತು. ಈಗ ಒಂದನೇ ಕ್ಲಾಸು, ಈಗ ಎರಡನೇ ಕ್ಲಾಸು ಎಂದು ನಾನೇ ಏರಿಸುತ್ತಿದ್ದೆ. ಹುಚ್ಚು ಅನ್ನಿ ಬೇಕಾದರೆ. ನನಗೆ ಮೂವರು ಮಕ್ಕಳು, ಅದರಲ್ಲಿ ಒಬ್ಬ ಫ್ಯಾಕ್ಟರಿಯ ಮೂಲೆಯಲ್ಲಿ ಇರುತ್ತಾನೆ ಎಂಬಂತೆ ಬದುಕಿದೆ. ಯಜಮಾನರು ಮಾತ್ರ ಆ ಕಡೆ ಸುಳಿಯುತ್ತಿರಲಿಲ್ಲ. ಗಂಡಸರ ದುಃಖ ಹಾಗೇ ಇರುತ್ತದೇನೋ ಎಂದು ನಾನೂ ಬಲವಂತ ಮಾಡಲಿಲ್ಲ.

ಎಂಬತ್ತರ ದಶಕ ಬಂದಾಗ ಬೋರ್‌ವೆಲ್ ಪೂರ್ತಿ ಬತ್ತಿಹೋಯಿತು. ಟ್ಯಾಂಕರ್ ನೀರು ತರಿಸಿ ತುಂಬಿಡಲು ಗೇಟಿನ ಹತ್ತಿರ ನೆಲದೊಳಗೆ ದೊಡ್ಡ ಸಂಪು ಬೇಕು ಎಂದಾಯಿತು. ಟ್ಯಾಂಕರ್ ನಿಲ್ಲಿಸಲು ಅನುಕೂಲವಾಗಿ ಖಾಲಿ ಇದ್ದ ಜಾಗ ಅದೊಂದೇ ಮೂಲೆ. ಒಂದು ಬೆಳಿಗ್ಗೆ ಹೋದರೆ ನನ್ನ ತಂಗಡಿಗಳ ನಡುವೆ ಸುಣ್ಣದ ಗೆರೆ ಎಳೆದಿದ್ದರು, ಗೆರೆ ಕಾರೆ ಗಿಡವನ್ನು ಒಳಕ್ಕೆ ಹಾಕಿಕೊಂಡು ಹೋಗಿತ್ತು. ಯಜಮಾನರನ್ನು ಕೇಳಿದರೆ, ಹೋಗಲಿ ಬಿಡು, ಎಷ್ಟು ವರ್ಷವಾಯಿತು, ಇನ್ನೇನು ಉಳಿದಿರುತ್ತದೆ ಎಂದರು. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಕೆಟ್ಟ ಕೋಪ ಬಂತು. ನೀವು ಮನುಷ್ಯರೇ ಅಲ್ಲ ಎಂದು ಬೈದು, ಆಫೀಸಿಗೆ ನುಗ್ಗಿದೆ.

ಮ್ಯಾನೇಜರ್ ಮೊದಲು ಸಮಾಧಾನ ಹೇಳಿದರು. ಗಿಡಗಳನ್ನು ಬೇರೆ ಕಡೆ ಹಾಕೋಣ, ನಿನಗೆ ಬೇಕಾದ ಜಾಗ ತೋರಿಸು ಎಂದರು. ಗಿಡದ ಮಾತು ಸಾಕು ಎಂದು ನನಗೆ ಅನ್ನಿಸಿತು.

“ಸಾರ್, ಆ ಕಾರೆ ಗಿಡದ ಕೆಳಗೆ ನನ್ನ ಮಗ ಇದ್ದಾನೆ. ಹೆಸರಿಡೋಕೆ ಮುಂಚೆ ಹೋದ ಕೂಸು. ನೀವು ಅಗೆದ್ರೆ ನಾನೂ ಆ ಗುಂಡಿಗೇ ಬೀಳ್ತೀನಿ.”

ಅವರು ಕುರ್ಚಿಯಿಂದ ಎದ್ದು ನಿಂತರು. ಕಿಟಕಿಯಿಂದ ಆ ಕಡೆ ನೋಡಿದರು. ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದರು. ಅವತ್ತು ಮಧ್ಯಾಹ್ನವೇ ಕಂಟ್ರಾಕ್ಟರನ್ನು ಕರೆಸಿ, ಸೈಕಲ್ ಸ್ಟ್ಯಾಂಡು ಕೆಡವಿ ಅಲ್ಲಿ ಸಂಪು ಮಾಡಿ ಎಂದರು. ಮೇಲಿನವರು ಯಾಕೆ ಎಂದು ಕೇಳಿದ್ದಕ್ಕೆ ತಾವೇ ಉತ್ತರ ಕೊಟ್ಟುಕೊಂಡರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು.

ಇನ್ನು ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನನ್ನ ಬಹಳ ದಿನದ ಆಸೆಯೊಂದಿತ್ತು. ನಮ್ಮಲ್ಲಿ ದೊಡ್ಡವರು ಸತ್ತರೆ ಮೂರನೆಯ ದಿನ ಹೂತ ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಡುತ್ತಾರೆ. ಕೂಸುಗಳಿಗೆ ಅದೂ ಇಲ್ಲ. ನನ್ನ ಹಾಲು ಕುಡಿಯದೆ ಹೋದ ಮಗನಿಗೆ ಒಂದು ಲೋಟ ಹಾಲನ್ನಾದರೂ ಬಿಡುತ್ತೇನೆ ಎಂದೆ. ಮ್ಯಾನೇಜರ್, ಭಾನುವಾರ ಯಾರೂ ಇರುವುದಿಲ್ಲ, ಗಂಡ ಹೆಂಡತಿ ಇಬ್ಬರೂ ಬಂದು ನೆಮ್ಮದಿಯಾಗಿ ಮಾಡಿಕೊಳ್ಳಿ ಎಂದರು. ಹಾಲು ಬಿಡುವುದು ತಂದೆಯ ಕೈಯಿಂದಲೇ ಆಗಬೇಕು. ನಾನು ಭಾನುವಾರ ತಲೆಗೆ ನೀರು ಹಾಕಿಕೊಂಡು, ಹಸುವಿನ ಹಾಲು, ತುಪ್ಪ, ಎರಡು ಊದುಬತ್ತಿ ತೆಗೆದುಕೊಂಡು ಬಂದು ಕಾರೆಯ ಮುಂದೆ ಕೂತೆ. ಯಜಮಾನರು ಗೇಟಿನ ಹತ್ತಿರವೇ ನಿಂತರು. ಕರೆದೆ, ಬರಲಿಲ್ಲ. ಎದ್ದು ಹೋಗಿ ಹಾಲಿನ ಚೊಂಬನ್ನು ಅವರ ಕೈಗೆ ಹಿಡಿಸಿದೆ. ಅವರು ಚೊಂಬನ್ನು ತಿರುಗಿ ನನ್ನ ಕೈಗೇ ಕೊಟ್ಟರು.

“ಇಲ್ದಿರೋ ಜಾಗಕ್ಕೆ ಆಲು ಬಿಡಕ್ಕಿಲ್ಲ ಕಣೇ. ಪಾಪ ಸುತ್ಕಂತದೆ.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವರು ನೆಲ ನೋಡಿಕೊಂಡು ಹೇಳುತ್ತಾ ಹೋದರು. ಹೂತದ್ದು ಆ ಕಡೆಯ ಬದುವಿನಲ್ಲಿ, ಈಗ ಶೆಡ್ಡು ಇರುವಲ್ಲಿ. ಬುಲ್ಡೋಜರ್ ಬಂದ ದಿನ ಸುದ್ದಿ ಕೇಳಿ ಓಡಿ ಬಂದಿದ್ದರಂತೆ. ಅಷ್ಟರಲ್ಲಿ ಬದು, ಕಲ್ಲು, ಮುಳ್ಳು ಯಾವುದೂ ಇರಲಿಲ್ಲ. ಮಣ್ಣಿನ ರಾಶಿಯಲ್ಲಿ ಕತ್ತಲಾಗುವ ತನಕ ಹುಡುಕಿದರಂತೆ. ಆಮೇಲೆ ನಾನು ತವರಿನಿಂದ ಬಂದು ತಂತಿ ಹಿಡಿದು ನಿಂತು ಕೇಳಿದಾಗ, ಎದುರಿಗೆ ಕಂಡದ್ದು ಆ ಒಂದು ಗಿಡ.

“ನಿನ್ನ ಮುಖ ನೋಡಿ ನಿಜ ಏಳಕ್ಕಾಗ್ನಿಲ್ಲ. ನಾಕು ದಿನ ಅತ್ತು ಮರೀತಾಳೆ ಅಂದ್ಕಂಡೆ. ನೀನು ತೋಟ ಕಟ್ಬಿಟ್ಟೆ.”

ನಾನು ಅವರನ್ನು ಬೈಯಲಿಲ್ಲ. ಹೋಗಿ ಶೆಡ್ಡಿನ ಬಾಗಿಲ ಹತ್ತಿರ ನಿಂತೆ. ಬೀಗ ಹಾಕಿತ್ತು. ಸಂದಿಯಿಂದ ಇಣುಕಿದರೆ ಎಣ್ಣೆ ಕುಡಿದು ಕಪ್ಪಾದ ಕಾಂಕ್ರೀಟು ನೆಲ, ಅದರ ಮೇಲೆ ಯಂತ್ರಗಳು. ಯಾವುದರ ಕೆಳಗೆ ಎಂದು ಕೇಳಿದೆ. ಅದು ಅವರಿಗೂ ಗೊತ್ತಿರಲಿಲ್ಲ. ಬಾಗಿಲಿನ ಹೊರಗೇ ಕೂತು ನಾವಿಬ್ಬರೂ ಅತ್ತೆವು. ಮಗು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ಅಷ್ಟು ವರ್ಷ ನನಗೆ ನೋಡಿಕೊಳ್ಳಲು ಒಬ್ಬ ಮಗನಿದ್ದ. ಆ ಭಾನುವಾರ ಅವನು ಸತ್ತುಹೋದ. ಆ ಹಾಲನ್ನು ಎಲ್ಲಿಗೂ ಬಿಡಲಾಗದೆ ಮನೆಗೆ ತಂದೆ.

ಮಾರನೆಯ ದಿನ ಕೆಲಸಕ್ಕೆ ಹೋದೆ. ಹೋಗದೆ ಏನು ಮಾಡಲಿ? ಸೈಕಲ್ ಸ್ಟ್ಯಾಂಡು ಆಗಲೇ ಕೆಡವಿದ್ದರು, ಸಂಪಿನ ಗುಂಡಿ ಸೊಂಟದಾಳಕ್ಕೆ ಇಳಿದಿತ್ತು, ಸೈಕಲ್ಲುಗಳೆಲ್ಲ ಬಿಸಿಲಲ್ಲಿ ನಿಂತಿದ್ದವು. ಮ್ಯಾನೇಜರ್ ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ ಕೇಳಿದರು.

“ಎಲ್ಲಾ ಚೆನ್ನಾಗಿ ಆಯ್ತೇನಮ್ಮ?”

“ಆಯ್ತು ಸಾರ್,” ಎಂದೆ.

ಅಂದಿನಿಂದ ಆ ಮನುಷ್ಯ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಕಾರೆ ಗಿಡದ ಹತ್ತಿರ ಬಂದು, ಚಪ್ಪಲಿ ಬಿಟ್ಟು, ಒಂದು ಗಳಿಗೆ ಕೈ ಮುಗಿದು ಹೋಗುತ್ತಿದ್ದರು. ನಾನು ಕುಡುಗೋಲು ಹಿಡಿದು ಪಕ್ಕದಲ್ಲಿ ತಲೆ ಬಗ್ಗಿಸಿ ನಿಂತಿರುತ್ತಿದ್ದೆ. ಅದೇ ಹೊತ್ತಿಗೆ ಬೆಳಗಿನ ಶಿಫ್ಟಿನವರು ಬೂಟು ಹಾಕಿಕೊಂಡು ಶೆಡ್ಡಿನೊಳಗೆ ಹೋಗುತ್ತಿದ್ದರು.